ಗುಂಡಿಗೆ ಉಡಿ ತುಂಬಿದ್ದು

ಹೊಸ ಕೊಳವೆ ಸೋರುತ್ತದೆಯೋ ಇಲ್ಲವೋ ಎಂದು ನೋಡುವುದು ಬಹಳ ಸುಲಭ. ಕೆಳಗಿನ ತುದಿಗೆ ಬಿರಡೆ ಬಡಿಯಬೇಕು, ಮೇಲಿನ ತುದಿಯ ಗುಂಡಿಯಿಂದ ನೀರು ತುಂಬಬೇಕು, ನೀರು ನಿಂತಲ್ಲಿಗೆ ಸುಣ್ಣದ ಗೆರೆ ಎಳೆಯಬೇಕು. ಅರ್ಧ ತಾಸಿನ ಮೇಲೂ ನೀರು ಗೆರೆಯಲ್ಲೇ ಇದ್ದರೆ ಪಾಸು! ಇಷ್ಟನ್ನು ಪುಸ್ತಕದಲ್ಲಿ ಓದಿಕೊಂಡು ನಾನು ಕೇಶ್ವಾಪುರದ ಕಾಂಕ್ರೀಟ್ ಕೊಳವೆಯ ಚರಂಡಿಗೆ ಓವರ್ಸಿಯರ್ ಆಗಿ ಬಂದಿದ್ದೆ. ಸಂಜೆ ಎಂಜಿನಿಯರ್ ಸಾಹೇಬರು ನೋಡಲು ಬರುವವರಿದ್ದರು. ಪಾಸಾದರೆ ನೌಕರಿ ಕಾಯಂ. ಸೋರಿದರೆ ಮಾವನವರ ಕಿರಾಣಿ ಅಂಗಡಿ!

ನಡುಹಗಲು. ಸುತ್ತ ಬಯಲು, ಒಂದು ಹಕ್ಕಿಯ ಸದ್ದೂ ಇಲ್ಲ. ಅರ್ಧ ತಾಸು ಬಿಟ್ಟು ಗುಂಡಿಗೆ ಇಣುಕಿದರೆ ನೀರು ನಾಲ್ಕು ಬೆರಳು ಕೆಳಗೆ! ಅಗೆದ ಕಾಲುವೆಯುದ್ದಕ್ಕೂ ನಡೆದು ಒಂದೊಂದು ಜೋಡಣೆಯನ್ನೂ ಕೈಯಿಂದ ಸವರಿದೆ. ಒಂದು ಹನಿಯಿಲ್ಲ. ಮತ್ತೆ ತುಂಬಿಸಿದೆ. ಮತ್ತೆ ಇಳಿಯಿತು. ಆಗ ಒಳಗಿನಿಂದ ಯಾರೋ ಉಸಿರು ಬಿಟ್ಟರು. ಉದ್ದನೆಯ, ದಣಿದ ಉಸಿರು. ಅದರ ಹಿಂದೆಯೇ ಗುಟುಕ್ ಎಂದಿತು.

ಮೇಸ್ತ್ರಿ ಹನುಮಪ್ಪ ಸಲಿಕೆ ಕೆಳಗಿಟ್ಟ. "ಸಾಹೇಬ್ರ, ಯಾರೋ ನೀರು ಕುಡ್ಯಾಕತ್ತಾರ್ರೀ. ಇಲ್ಲೆ ಹಳೇ ಬಾವಿ ಇತ್ತು. ನೀರಿಗೆ ಬಂದಾಕಿ ಒಬ್ಬಾಕಿ ತಿರುಗಿ ಮನಿಗೆ ಹೋಗಲೇ ಇಲ್ಲಂತ."

"ಇದು ಶಾಸ್ತ್ರೀಯ ಪರೀಕ್ಷಾ!" ಎಂದು ಗದರಿಸಿ, ಗುಂಡಿಯೊಳಗೆ ತಲೆ ಹಾಕಿ, "ಯಾರದು?" ಎಂದು ಕೂಗಿದೆ. ಕೊಂಚ ತಡೆದು, ಕತ್ತಲೊಳಗಿಂದ ಹೆಂಗಸಿನ ದನಿ ಕೇಳಿತು: "ಯಾರದು?"

ನನ್ನ ಶಾಸ್ತ್ರ ಅಲ್ಲಿಗೆ ಮುಗಿಯಿತು.

"ಉಡಿ ತುಂಬಿದ್ರ ಶಾಂತ ಆಗ್ತಾಳ್ರೀ," ಎಂದ ಹನುಮಪ್ಪ. ಉಡಿ ತುಂಬಲು ಮುತ್ತೈದೆಯೇ ಬೇಕು. ನನ್ನ ಹೆಂಡತಿ ಸುಭದ್ರೆಯನ್ನು ಕರೆತರಲು ಅವನನ್ನೇ ಓಡಿಸಿದೆ. ಬರುವವರೆಗೆ ಗುಂಡಿ ಮತ್ತು ನಾನು ಇಬ್ಬರೇ. ಅದು ಉಸಿರಾಡುತ್ತಿತ್ತು. ನಾನು ಉಸಿರಾಡುತ್ತಿರಲಿಲ್ಲ.

ಹೊತ್ತು ಇಳಿಯುವಾಗ ಸುಭದ್ರೆ ಹೊಸ ರವಿಕೆ ಖಣ, ಅಕ್ಕಿ, ತೆಂಗಿನಕಾಯಿ ತಂದಳು. ಗುಂಡಿಯ ಅಂಚಿಗೆ ಕುಂಕುಮ ಹಚ್ಚಿ, ಉಡಿಯ ಸಾಮಾನು ಇಟ್ಟು, ಯಾಕೋ ಬಗ್ಗಿ ಕಿವಿಗೊಟ್ಟು ಕುಳಿತಳು. ನಾನು ಕಣ್ಣು ಮುಚ್ಚಿ ಕೈಮುಗಿದೆ. "ತಾಯಿ, ನಾಳಿಂದ ಬೇಕಾದಷ್ಟು ಕುಡಿ! ಇವತ್ತೊಂದಿನ ನನ್ನ ನೌಕರಿ ಉಳಸು!"

"ಯಾರ ಜೋಡಿ ಮಾತಾಡಾಕತ್ತೀರಿ, ಓವರ್ಸಿಯರ್?"

ಬೆನ್ನ ಹಿಂದೆ ಎಂಜಿನಿಯರ್ ಸಾಹೇಬರು! ಉತ್ತರ ಕೊಟ್ಟವಳು ಸುಭದ್ರೆ.

"ದೆವ್ವನೂ ಇಲ್ಲ, ಏನೂ ಇಲ್ರೀ ಸಾಹೇಬ್ರ. ಪೈಪು ಹೊಸಾವು, ನೀರು ಹೀರಾಕತ್ತಾವು. ಹೊಸಾ ಗಡಿಗ್ಯಾಗ ನೀರು ಹಾಕಿದ್ರ ಹಿಂಗ ಸುಂಯ್ ಅಂತೈತಿ. ಒಂದಿನ ನೆನಸ್ಬೇಕ್ರೀ."

"ಖರೇ," ಎಂದರು ಸಾಹೇಬರು. "ಪುಸ್ತಕದ ಮುಂದಿನ ಪುಟದಾಗ ಅದನ್ನ ಬರದಾರ. ಉಸಿರು ಅಂದ್ರ ಒಳಗ ಸಿಕ್ಕ ಗಾಳಿ."

ನಾನು ಆ ಪುಟ ತಿರುವಿರಲಿಲ್ಲ!

"ಮತ್ತ ಆ ಹೆಂಗಸಿನ ದನಿ?" ಎಂದು ಹನುಮಪ್ಪನನ್ನು ಮೆಲ್ಲಗೆ ಕೇಳಿದೆ.

"ಅದು ನಿಮ್ಮದ ರೀ. ಅಂಜಿದಾಗ ಹಂಗ ಬರ್ತೈತಿ."

ಮರುದಿನ ನೀರು ಗೆರೆ ಬಿಟ್ಟು ಕದಲಲಿಲ್ಲ. ನೌಕರಿ ಕಾಯಂ ಆಯಿತು. ಆದರೆ ಇಂದಿಗೂ ಮನೆಗೆ ಹೊಸ ಗಡಿಗೆ ಬಂದ ದಿನ ಸುಭದ್ರೆ ಅಡುಗೆಮನೆಯಿಂದ ಕೂಗಿ ಹೇಳುತ್ತಾಳೆ: "ನೀರು ಹಾಕಾಕತ್ತೇನಿ, ಹೊರಗ ಹೋಗ್ರಿ!"

ನಾನು ಚಪ್ಪಲಿ ಮೆಟ್ಟಿ ಹೋಗಿಬಿಡುತ್ತೇನೆ.