ದುರ್ಗದಲ್ಲಿ ಬೇರೆ ಕೆಲಸವಿತ್ತು

ಒಬ್ಬರ ಮನೆಗೆ ಹೋದಾಗ ಯಾಕೆ ಬಂದೆವೆಂದು ನೇರವಾಗಿ ಹೇಳುವುದು ನಮ್ಮ ಮನೆತನದಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಮೊದಲು ನೀರು ಕುಡಿಯಬೇಕು, ಮಳೆಯ ಮಾತಾಡಬೇಕು, ಅವರ ಎಮ್ಮೆ ಗಬ್ಬವೇ ಎಂದು ವಿಚಾರಿಸಬೇಕು, ಕಾಫಿ ಬೇಡ ಬೇಡ ಎನ್ನುತ್ತಾ ಎರಡು ಲೋಟ ಇಳಿಸಬೇಕು. ಕೊನೆಗೆ ಹೊಸಿಲು ದಾಟಿ ಚಪ್ಪಲಿಗೆ ಕಾಲು ತೂರಿಸುವಾಗ, ಆಗಷ್ಟೇ ನೆನಪಾದವರಂತೆ, "ಅಂದಂಗೆ..." ಎಂದು ಬಂದ ವಿಷಯ ತೆಗೆಯಬೇಕು. ನಮ್ಮ ದೊಡ್ಡಪ್ಪ ಹೆಣ್ಣು ಕೇಳಲು ಹೋದ ಮನೆಯಲ್ಲಿ ಯಾರೋ ಅವರ ಚಪ್ಪಲಿ ಕದ್ದಿದ್ದರಂತೆ. ಚಪ್ಪಲಿ ಹಾಕಿಕೊಳ್ಳುವ ಪ್ರಸಂಗವೇ ಬಾರದ್ದರಿಂದ ವಿಷಯವನ್ನೂ ಹೇಳದೆ ಬರಿಗಾಲಲ್ಲಿ ಊರಿಗೆ ಬಂದರಂತೆ. ಇದರಲ್ಲಿ ಅರ್ಧ ನಾನು ಸೇರಿಸಿದ್ದು.

ಇಂಥ ವಂಶದಲ್ಲಿ ಹುಟ್ಟಿದ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ, ಹಿರಿಯೂರಿನ ತೆಂಗಿನಕಾಯಿ ಮಂಡಿಯೊಂದರ ಮಹಡಿಯಲ್ಲಿ ನಡೆಯುತ್ತಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಕೊಂಡೆ. ಅಲ್ಲಿ ಮೊದಲ ಪಾಠವೇ ಬಂದ ಕಾರಣ ಹೇಳುವುದು. ಇಂಗ್ಲಿಷಿನವರಿಗೆ ಎಮ್ಮೆ ಇಲ್ಲವೋ ಏನೋ, ಬಾಗಿಲಲ್ಲೇ ಹೇಳಿಬಿಡುತ್ತಾರೆ. "ಐ ಹ್ಯಾವ್ ಕಮ್ ಟು ಸೀ ದಿ ಮ್ಯಾನೇಜರ್." "ಐ ಆ್ಯಮ್ ಹಿಯರ್ ಟು ಮೀಟ್ ಮೈ ಫ್ರೆಂಡ್." ಕೆಳಗೆ ಕಾಯಿ ಸುಲಿಯುವವರು ಕೆಲಸ ನಿಲ್ಲಿಸಿ ಮೇಲೆ ನೋಡುವಷ್ಟು ಗಟ್ಟಿಯಾಗಿ ನಾನು ಹೇಳುತ್ತಿದ್ದೆ. ಮೆಚ್ಚುತ್ತಿದ್ದರೋ ಬೈಯುತ್ತಿದ್ದರೋ ಕಾಣೆ, ನಿಲ್ಲಿಸುತ್ತಿದ್ದದ್ದು ನಿಜ.

ಆ ಬೇಸಿಗೆಯಲ್ಲೇ ಹರಿಯಬ್ಬೆಯ ಅಜ್ಜಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ನೋಡುವವರೆಲ್ಲ ಬಂದು ನೋಡಿಕೊಂಡು ಹೋಗಲಿ ಎಂದಿದ್ದರು. ಅದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಭಾನುವಾರ ದುರ್ಗದ ಬಸ್ಸಿನಲ್ಲಿ ಅಪ್ಪ ನನಗೆ ಪಾಠ ಮಾಡಿದರು. "ಅಜ್ಜಿ ಕೇಳಿದ್ರೆ ಬಟ್ಟೆ ತಗಳಾಕೆ ಬಂದಿದ್ವಿ, ಹಂಗೇ ಇತ್ಲಾಗೆ ಬಂದ್ವಿ ಅನ್ನವ್ವ. ನಿನ್ನೇ ನೋಡಾಕೆ ಬಂದ್ವಿ ಅಂದ್ಬಿಟ್ಟೀಯ, ಗೊತ್ತಾಗಿ ಎದೆ ಒಡ್ಕಂತಾಳೆ."

ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ತಡೆದ. ಜನ್ಮ ಸಾರ್ಥಕವಾಯಿತೆಂದುಕೊಂಡು ನಾನು ಕತ್ತು ನೆಟ್ಟಗೆ ಮಾಡಿ, "ಐ ಹ್ಯಾವ್ ಕಮ್ ಟು ಸೀ ಮೈ ಗ್ರ್ಯಾಂಡ್‌ಮದರ್" ಎಂದೆ. ಅವನು ಕಿವಿಯ ಸಂದಿಯ ಬೀಡಿ ಸರಿಮಾಡಿಕೊಂಡ. "ಇಂಗ್ಲೀಷ್‌ನಾಗೆ ಹೇಳಿದ್ರೂ ಬಾಗ್ಲು ನಾಕ್ ಗಂಟೆಗೇ ತೆಗ್ಯಾದು ತಾಯಿ. ಬೇವಿನ ಮರದ ಕೆಳಗೆ ಕುಂತ್ಕಳ್ರಿ."

ಒಳಗೆ ಹೋದಾಗ ಅಜ್ಜಿ ಮಂಚದಲ್ಲಿ ಹುಡುಕುವಷ್ಟು ಚಿಕ್ಕದಾಗಿ ಹೋಗಿದ್ದಳು. ಬಾಯಿ ಮಾತ್ರ ಮೊದಲಿನ ಅಳತೆಯದೇ. ಸೋದರತ್ತೆ ರವಿಕೆ ಹೊಲಿಸಲು ಬಂದವಳು ಹಾಗೇ ಬಂದಿದ್ದಳು. ಚಿಕ್ಕಪ್ಪ ಪಹಣಿ ತೆಗೆಸಲು ಬಂದವರು ಹಾಗೇ ಬಂದಿದ್ದರು.

"ಭಾನುವಾರ ಯಾವ ಆಫೀಸು ತೆಗ್ದಿರ್ತೈತಲೇ?" ಎಂದಳು ಅಜ್ಜಿ.

"ಇಲ್ಲವ್ವ, ಎಲ್ಲೈತೆ ಅಂತ ನೋಡ್ಕಂಡ್ ಹೋಗಾಣ ಅಂತ..."

"ನಾನು ಇಲ್ಲಿ ಮಲಗಿದ್ದೇ ಮಲಗಿದ್ದು, ನಮ್ಮೋರ್ಗೆಲ್ಲ ದುರ್ಗದಾಗೆ ಕೆಲಸ ಹುಟ್ಕಂಡ್ವು ನೋಡು." ಆಮೇಲೆ ನನ್ನ ಕಡೆ ತಿರುಗಿದಳು. "ನೀನ್ಯಾಕೆ ಬಂದ್ಯವ್ವ?"

"ಬಟ್ಟೆ ತಗಳಾಕೆ."

"ಎಲ್ಲೈತೆ ಬಟ್ಟೆ?"

ನಮ್ಮಿಬ್ಬರ ಕೈಯೂ ಖಾಲಿ. ಅಪ್ಪ ಗ್ಲೂಕೋಸ್ ಬಾಟಲಿಯನ್ನು ಪರೀಕ್ಷಿಸತೊಡಗಿದರು. ಅಜ್ಜಿ ಗೋಡೆ ಕಡೆ ಮುಖ ಮಾಡಿದಳು. "ಎಲ್ರೂ ಹಂಗೇ ಬಂದೋರೇ. ನನ್ನೇ ನೋಡಾಕೆ ಅಂತ ಒಬ್ರೂ ಬರ್ಲಿಲ್ಲ ಬಿಡು."

ಅಪ್ಪನ ಆಜ್ಞೆ ಇದ್ದದ್ದು ಕನ್ನಡಕ್ಕೆ ಮಾತ್ರ ಎಂದು ಲೆಕ್ಕ ಹಾಕಿ, ನಾನು ಮೆಲ್ಲಗೆ, "ಐ ಹ್ಯಾವ್ ಕಮ್ ಟು ಸೀ ಯು" ಎಂದೆ.

"ಹಂಗಂದ್ರೆ?"

ಅಪ್ಪ ನನ್ನನ್ನು ನೋಡಿದರು. ನಾನು, "ಹೋಗುವಾಗ ಹೇಳ್ತೀನಜ್ಜಿ" ಎಂದೆ.

ಅಜ್ಜಿ ಈ ಕಡೆ ತಿರುಗಿ ನಕ್ಕಳು. "ಇವ್ಳು ನಮ್ಮನೆ ಹುಡುಗಿ ಕಣಪ್ಪ."

ಗಂಟೆ ಹೊಡೆದರು. ವಾರ್ಡಿನ ಬಾಗಿಲ ಹೊರಗೆ ಎಲ್ಲರ ಚಪ್ಪಲಿಗಳ ರಾಶಿ. ನನ್ನದನ್ನು ಹುಡುಕಿ ಒಂದು ಕಾಲು ತೂರಿಸಿದೆ. ಇನ್ನೊಂದು ಕಾಲು ಮೇಲಿರುವಾಗಲೇ ತಿರುಗಿ, ಮಂಡಿಯ ಕಾಯಿ ಸುಲಿಯುವವರಿಗೂ ಕೇಳಿಸುವಂತೆ ಕೂಗಿದೆ. "ಅಂದಂಗೆ ಅಜ್ಜಿ, ನಾವು ನಿನ್ನೇ ನೋಡಾಕೆ ಬಂದಿದ್ದು."

ವಾರ್ಡಿಗೆ ವಾರ್ಡೇ ತಿರುಗಿತು. ಅಜ್ಜಿ ಸೂಜಿ ಚುಚ್ಚಿದ್ದ ಕೈಯನ್ನೇ ಸ್ವಲ್ಪ ಎತ್ತಿದಳು. "ಗೊತ್ತಿಲ್ವಾ ನಂಗೆ? ಬಾಯಾಗೆ ಬರ್ಲಿ ಅಂತ ಕಾಯ್ತಿದ್ದೆ. ಹೋಗ್ರಿ, ಬಸ್ ತಪ್ಪಿಹೋಗ್ತೈತೆ."

ಅವಳ ಎದೆ ಒಡೆಯಲಿಲ್ಲ. ಒಡೆದದ್ದು ಅಪ್ಪನದು. ಬೇವಿನ ಮರದ ಕೆಳಗೆ ಅವರು ಕುಳಿತು ಅಳುವಾಗ, ಆ ವಾಚ್‌ಮನ್ ಬೀಡಿ ಎಸೆದು ನೀರು ತಂದುಕೊಟ್ಟ. ಯಾಕೆ ಬಂದಿದ್ದಿರಿ ಎಂದು ಕೇಳಲಿಲ್ಲ.

ಅದೇ ವಾರ ಅಜ್ಜಿ ಹೋದಳು. ಕಾರ್ಯ ಮುಗಿಸಿಕೊಂಡು ಹಿರಿಯೂರಿಗೆ ಬಂದಮೇಲೂ ಅಪ್ಪ ಮಾತಾಡದೆ ಕುಳಿತಿರುತ್ತಿದ್ದರು. ಒಂದು ದಿನ ಅವರ ಮುಖ ನೋಡಲಾರದೆ ಮನೆಯಿಂದೆದ್ದು, ಮಂಡಿಯ ಮಹಡಿ ಹತ್ತಿದೆ. ಅಲ್ಲೇ ಹಿಂದಿನ ಕೋಣೆಯಲ್ಲಿದ್ದ ಇಂಗ್ಲಿಷ್ ಮೇಷ್ಟ್ರು ಬನಿಯನ್‌ನಲ್ಲಿ ಹೊರಗೆ ಬಂದು, "ಭಾನುವಾರ ಕ್ಲಾಸಿಲ್ವಲ್ಲಮ್ಮ, ಯಾಕ್ ಬಂದೆ?" ಎಂದರು.

ಕಲಿತ ವಾಕ್ಯಗಳೆಲ್ಲ ನಾಲಿಗೆಯ ತುದಿಯಲ್ಲೇ ಸಾಲಾಗಿ ನಿಂತವು. ನಾನು ಕಣ್ಣೊರೆಸಿಕೊಂಡು ಹೇಳಿದೆ: "ಈ ಕಡೆ ಸ್ವಲ್ಪ ಕೆಲಸ ಇತ್ತು ಸಾರ್, ಹಂಗೇ ಬಂದೆ."