ಗಬ್ಬೂರಿಗೆ ಕಹಿಯೇ ಗೊತ್ತಿಲ್ಲ!

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನನ್ನೂರು ಮಾನ್ವಿ ಬಿಟ್ಟು ದೂರದ ಒಂದು ವಿಶ್ವವಿದ್ಯಾಲಯದ ತಳಿವಿಜ್ಞಾನ ವಿಭಾಗದಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. ಕೆಲಸ ಹಂಗಾಮಿ. ಆತ್ಮವಿಶ್ವಾಸ ಮಾತ್ರ ಕಾಯಂ!

ಒಂದು ದಿನ ಪ್ರಾಧ್ಯಾಪಕರು ನನಗೆ ಒಂದು ಕಟ್ಟು ಕಾಗದದ ಚೂರು ಕೊಟ್ಟರು. ಅವಕ್ಕೆ ಯಾವುದೋ ರಾಸಾಯನಿಕ ಸವರಿದ್ದರು. ನಾಲಿಗೆಗೆ ತಾಗಿಸಿದರೆ ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಬರೀ ಕಾಗದ. ಈ ಗುಣ ತಂದೆತಾಯಿಯಿಂದ ಮಕ್ಕಳಿಗೆ ಬರುತ್ತದಂತೆ.

"ಯಾವುದಾದರೂ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಪರೀಕ್ಷಿಸಿ. ಚೆನ್ನಾಗಿ ಮಾಡಿದರೆ ನಿಮ್ಮನ್ನು ಕಾಯಂ ಮಾಡಲು ಬರೆಯುತ್ತೇನೆ," ಎಂದರು.

ನಾನು ಆರಿಸಿದ್ದು ದೇವದುರ್ಗ ತಾಲ್ಲೂಕಿನ ಗಬ್ಬೂರನ್ನು. ವೈಜ್ಞಾನಿಕ ಕಾರಣ: ಅದು ನನ್ನ ಹೆಂಡತಿ ಶಾಂತಾಳ ತವರು. ಊಟಕ್ಕೆ ಚಿಂತೆಯಿಲ್ಲ!

ಶಾಂತಾಳ ಜೊತೆ ಹೋಗಿ ಮೊದಲ ಚೂರನ್ನು ಅತ್ತೆಗೆ ಕೊಟ್ಟೆ. ಅವರು ಹಿಂಜರಿದರು. ಧೈರ್ಯ ತುಂಬಲು ನಾನೇ ಒಂದನ್ನು ನೆಕ್ಕಿದೆ. ನನಗೆ ಯಾವ ರುಚಿಯೂ ಹತ್ತಲಿಲ್ಲ.

"ನೋಡ್ರಿ, ಏನೂ ಕಹಿ ಇಲ್ಲ!" ಎಂದೆ.

ಪ್ರಯೋಗ ಅಲ್ಲಿಗೇ ಕೆಟ್ಟಿತ್ತು. ನನಗೆ ತಿಳಿಯಲಿಲ್ಲ, ಅಷ್ಟೆ.

ಅತ್ತೆ ನೆಕ್ಕಿದರು. ಕಣ್ಣಲ್ಲಿ ನೀರು ಬಂತು. "ಚಲೋ ಅದ ರೀ ಅಳಿಯಂದ್ರ," ಎಂದು ಸೆರಗು ಬಾಯಿಗಿಟ್ಟು ಒಳಗೆ ಹೋದರು. ನಾನು 'ಕಹಿ ಇಲ್ಲ' ಎಂದು ಬರೆದುಕೊಂಡೆ.

"ಏನ್ರೀ, ಅವ್ವ ಮಾರಿ ಕಿವುಚಿದ್ದು ನೋಡಲಿಲ್ಲೇನು?" ಶಾಂತಾ ಕೇಳಿದಳು.

"ವಿಜ್ಞಾನದಾಗ ಮಾರಿ ಬರಿಯಂಗಿಲ್ಲ. ಮಾತು ಬರೀತೀವಿ."

ಎರಡು ದಿನ ಊರೆಲ್ಲ ಸುತ್ತಿದೆ. ಎಲ್ಲರೂ "ಚಲೋ ಅದ" ಎಂದರು. ಹೆಚ್ಚಿನವರು ನೀರಿನ ಕೊಡದ ಕಡೆ ಓಡಿದರು. ಬಿಸಿಲು ಹೆಚ್ಚು ಎಂದುಕೊಂಡೆ.

ನನ್ನ ಪಟ್ಟಿ ನೋಡಿದ ಪ್ರಾಧ್ಯಾಪಕರು ಕುರ್ಚಿಯಿಂದಲೇ ಎದ್ದುಬಿಟ್ಟರು. ಇಡೀ ಊರಿನಲ್ಲಿ ಕಹಿ ತಿಳಿಯುವವರು ಒಬ್ಬರೂ ಇಲ್ಲ! ವಿಭಾಗದ ವಾರ್ತಾಪತ್ರದಲ್ಲಿ 'ಅಪೂರ್ವ ಸಾಧನೆ' ಎಂದು ನನ್ನ ಫೋಟೊ ಸಮೇತ ಸುದ್ದಿ ಬಂತು. ಅದನ್ನು ಮಾನ್ವಿಯ ನೆಂಟರಿಗೆಲ್ಲ ಅಂಚೆಯಲ್ಲಿ ಕಳಿಸಿದೆ.

ಆಮೇಲೆ ಪ್ರಾಧ್ಯಾಪಕರಿಗೆ ಆ ಅಪೂರ್ವ ಜನರನ್ನು ಕಣ್ಣಾರೆ ನೋಡುವ ಆಸೆಯಾಯಿತು. ರಾಯಚೂರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು, ಶಾಂತಾಳನ್ನೂ ಕರೆದುಕೊಂಡು ಗಬ್ಬೂರಿನಲ್ಲಿ ಇಳಿದೆವು.

ಪ್ರಾಧ್ಯಾಪಕರು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಅತ್ತೆಯ ಮುಂದೆ ಚೂರು ಹಿಡಿದರು. ಅತ್ತೆ ಕೈಮುಗಿದರು.

"ಯಪ್ಪಾ, ಅದೊಂದು ಬ್ಯಾಡ್ರಿ. ವಿಷದಂಗ ಕಹಿ ಅದ. ಎರಡು ದಿನ ನನಗ ಊಟ ಸೇರಲಿಲ್ಲ."

"ಚೆನ್ನಾಗಿದೆ ಅಂದಿದ್ದಿರಂತೆ?"

"ಅಳಿಯಂದ್ರು ಅಷ್ಟು ದೂರದಿಂದ ತಂದಿದ್ರು. ಕಹಿ ಅದ ಅಂತ ಹ್ಯಾಂಗ ಹೇಳೂದ್ರಿ? ಅವರ ಮನಸ್ಸು ನೋಯಿಸಬ್ಯಾಡ್ರಿ ಅಂತ ಊರಾಗ ಎಲ್ಲಾರಿಗೂ ನಾನ ಹೇಳಿ ಬಂದಿದ್ದೆ!"

ಪ್ರಾಧ್ಯಾಪಕರು ನನ್ನನ್ನು ನೋಡಿದರು. ನಾನು ಕಟ್ಟೆಯ ಬೇವಿನ ಮರವನ್ನು ನೋಡಿದೆ. ಶಾಂತಾ ನಗು ತಡೆಯಲಾರದೆ ಒಳಗೆ ಓಡಿದಳು.

ವಾರ್ತಾಪತ್ರದಲ್ಲಿ ತಿದ್ದುಪಡಿ ಬಂತು, ಫೋಟೊ ಇಲ್ಲದೆ. ಕಾಯಂ ಮಾಡುವ ಮಾತು ಮತ್ತೆ ಏಳಲಿಲ್ಲ. ನನ್ನನ್ನು ತಳಿ ಪ್ರಯೋಗಕ್ಕೆಂದು ಹಣ್ಣಿನ ನೊಣ ಸಾಕುವ ಕೋಣೆಗೆ ಹಾಕಿದರು.

"ಇನ್ನು ನೊಣಗಳ ಜೊತೆ ಇರಿ. ಅವಕ್ಕೆ ದಾಕ್ಷಿಣ್ಯ ಇರುವುದಿಲ್ಲ," ಎಂದರು ಪ್ರಾಧ್ಯಾಪಕರು.

ಮಾತು ನಿಜ. ಮೊದಲ ದಿನವೇ ಸೀಸೆಯ ಮುಚ್ಚಳ ಹಾಕಲು ಮರೆತೆ. ದಾಕ್ಷಿಣ್ಯಕ್ಕಾದರೂ ಒಂದು ನೊಣವೂ ಒಳಗೆ ಉಳಿಯಲಿಲ್ಲ!