ಬಿರಿಯಾನಿ ತಿಂದವನು ನಾನಲ್ಲವೆಂದು ಬಸಮ್ಮನವರಿಗೆ ಬರೆದುಕೊಡುವ ಬಗ್ಗೆ

ಇಂದ,
ಏಕಾಂತಯ್ಯ, ತೆಂಗಿನಕಾಯಿ ವ್ಯಾಪಾರಿ,
ಹಾರನಹಳ್ಳಿ (ಸದ್ಯ ನಮ್ಮದೇ ಮನೆಯ ಜಗಲಿ)

ಗೆ,
ಶಾಖಾ ವ್ಯವಸ್ಥಾಪಕರು,
ನಮ್ಮ ಖಾತೆ ಇರುವ ಬ್ಯಾಂಕ್, ಅರಸೀಕೆರೆ

ವಿಷಯ: ನಕಲಿ ಕಾರ್ಡಿನಲ್ಲಿ ನಡೆದ ಮಟನ್ ಬಿರಿಯಾನಿ ಭೋಜನದ ನಷ್ಟದ ಹೊಣೆ ತೀರ್ಮಾನವಾಗಿದ್ದು, ಪಾಪದ ಹೊಣೆಯನ್ನೂ ತೀರ್ಮಾನಿಸಿಕೊಡುವ ಬಗ್ಗೆ.

ಉಲ್ಲೇಖ: 1) ತಮ್ಮ ಬ್ಯಾಂಕಿನ ಸಂದೇಶ, ಸೋಮವಾರ ಮಧ್ಯಾಹ್ನ 1.10
2) ನನ್ನ ಪತ್ನಿ ಬಸಮ್ಮನವರ ಮೌಖಿಕ ಆದೇಶ, ಅದೇ ಸಂಜೆ

ಮಾನ್ಯರೇ,

ಶಿವನ ದಯೆಯಿಂದ ತಾವು ಕ್ಷೇಮವೆಂದು ನಂಬಿ, ಕೆಳಗೆ ಸಹಿ ಮಾಡಿದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಆಯುಧಪೂಜೆಯಂದು ತಕ್ಕಡಿ, ಮಚ್ಚು, ಮೊಪೆಡ್‌ಗಳ ಸಾಲಿನಲ್ಲಿ ತಮ್ಮ ಬ್ಯಾಂಕಿನ ಕಾರ್ಡನ್ನೂ ಇಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಎಳೆದೆನು. ನಡುವಿನ ಗೆರೆ ಚಿಪ್ ಮೇಲೆ ಬಂತು. ಅಳಿಸಲು ಮನಸ್ಸು ಬರಲಿಲ್ಲ.

2. ಆ ಕಾರಣದಿಂದ, ಬೇಲೂರಿನ ಬಟ್ಟೆ ಅಂಗಡಿಯೊಂದರಲ್ಲಿ ಪಂಚೆ ಕೊಂಡಾಗ ಯಂತ್ರವು ಚಿಪ್ ಓದಲಿಲ್ಲ. ಅಂಗಡಿಯವರು "ಏನ್ ಯಜಮಾನ್ರೇ, ಕಾರ್ಡಿಗೂ ಸುಣ್ಣ ಹೊಡ್ಸಿದ್ದೀರಾ?" ಎಂದು ನಕ್ಕು, ಅದರ ಬೆನ್ನಿನ ಕಪ್ಪು ಪಟ್ಟಿಯನ್ನು ಮೇಜಿನ ಮೇಲಿನ ಯಂತ್ರಕ್ಕೆ ಒಮ್ಮೆ, ಮೇಜಿನ ಕೆಳಗಿನದಕ್ಕೆ ಒಮ್ಮೆ ಉಜ್ಜಿದರು. ನನಗಾಗಿ ಎರಡೆರಡು ಸಲ ಶ್ರಮಪಟ್ಟರಲ್ಲಾ ಎಂದು ಕೈಮುಗಿದು ಬಂದೆನು. ಕೆಳಗಿನದು ನಕಲು ತೆಗೆಯುವ ಯಂತ್ರವೆಂದು ಆಮೇಲೆ ತಿಳಿಯಿತು.

3. ಮುಂದಿನ ಸೋಮವಾರ ದೂರದ ಯಾವುದೋ ಊರಿನಲ್ಲಿ ಆ ನಕಲಿ ಕಾರ್ಡು 2,340 ರೂಪಾಯಿಯ ಬಿರಿಯಾನಿ ತಿಂದಿತು. ಅಲ್ಲಿನ ಹಳೇ ಯಂತ್ರ ಚಿಪ್ ಎಲ್ಲಿ ಎಂದೂ ಕೇಳಲಿಲ್ಲ, ಗುಟ್ಟಿನ ಸಂಖ್ಯೆಯನ್ನೂ ಕೇಳಲಿಲ್ಲ. "ಮಟನ್ ಬಿರಿಯಾನಿ ಸೆಂಟರ್‌ನಲ್ಲಿ ತಮ್ಮ ಕಾರ್ಡ್ ಬಳಕೆಯಾಗಿದೆ" ಎಂಬ ತಮ್ಮ ಸಂದೇಶ ಬಂದಾಗ ಫೋನು ಮನೆಯಲ್ಲಿತ್ತು, ಬಸಮ್ಮನವರ ಕೈಯಲ್ಲಿತ್ತು.

4. ಆ ಹೊತ್ತಿಗೆ ನಾನು ಸೋಮವಾರದ ಉಪವಾಸವಿದ್ದು, ಹಳೇಬೀಡಿನ ದೇವಸ್ಥಾನದಲ್ಲಿ ಕುಳಿತಿದ್ದೆನು. ಅಲ್ಲಿ ನಂದಿಗಳು ಇಬ್ಬರು. ಇಬ್ಬರೂ ಈವರೆಗೆ ಹೇಳಿಕೆ ಕೊಟ್ಟಿಲ್ಲ.

5. ತಮ್ಮ ಅಧಿಕಾರಿ ಮೇಘಶ್ರೀಯವರು "ಚಿಪ್ ಇರೋ ಕಾರ್ಡನ್ನ ಚಿಪ್ ಓದದೇ ಇರೋ ಮೆಷಿನ್‌ನಲ್ಲಿ ಉಜ್ಜಿದ್ರೆ ನಷ್ಟ ಆ ಮೆಷಿನ್ ಕಡೆಯೋರ್ದೇ ಅಂಕಲ್, ನಿಮ್ದಲ್ಲ" ಎಂದು ಹಣ ಮರಳಿಸಿದರು. ಈ ವಯಸ್ಸಿನಲ್ಲಿ ಕುಣಿಯುತ್ತಾ ಮನೆಗೆ ಬಂದು ಹೇಳಿದೆನು. ಬಸಮ್ಮನವರು, "ದುಡ್ಡು ವಾಪಸ್ ಬಂತು, ಸರಿ. ತಿಂದಿದ್ದು ವಾಪಸ್ ಬತ್ತದಾ?" ಎಂದರು.

6. ಹೀಗಾಗಿ ಆ ಸೋಮವಾರ ಸಂಜೆ ಜಗಲಿಗೆ ಬಂದ ನನ್ನ ತಟ್ಟೆ ಒಂಬತ್ತು ದಿನವಾದರೂ ಅಲ್ಲೇ ಇದೆ. ನಲವತ್ತೊಂದು ವರ್ಷ ಜೊತೆಯಲ್ಲಿ ಕೂತು ಉಂಡವನಿಗೆ ಮುದ್ದೆ ಕಿಟಕಿಯಿಂದ ಬರುತ್ತಿದೆ. "ತಿಂದೋರು ನೀವಲ್ಲ ಅಂತ ಬ್ಯಾಂಕಿನೋರು ಬರ್ದು ಮೊಹರು ಒತ್ಲಿ, ಒಳಕ್ಕೆ ಕರೀತೀನಿ" ಎಂಬುದು ಅಂತಿಮ ಆದೇಶ.

ತಿಂದವನ ಹೊಟ್ಟೆ ತಣ್ಣಗಿರಲಿ, ಪಾಪ, ಹಸಿದಿದ್ದನೇನೋ. ಆದರೆ ನಷ್ಟವೆಲ್ಲ ಆ ಕಡೆಗೆ ಹೋದ ಮೇಲೆ ಪಾಪವೊಂದನ್ನೇ ನನ್ನ ಖಾತೆಯಲ್ಲಿ ಉಳಿಸುವುದು ಯಾವ ನಿಯಮ? ಕಾರಣ, ನಾನು ನಿರಪರಾಧಿಯೆಂದು ದೊಡ್ಡ ಅಕ್ಷರದಲ್ಲಿ, ಮೊಹರು ಸಹಿತ, ಬಸಮ್ಮನವರ ಹೆಸರಿಗೇ ಬರುವ ಸೋಮವಾರದೊಳಗೆ ಬರೆದುಕೊಡಬೇಕಾಗಿ ಪ್ರಾರ್ಥನೆ. ದಯಮಾಡಿ ಫೋನಿಗೆ ಸಂದೇಶ ಕಳಿಸಬೇಡಿ.

ತಮ್ಮ ವಿಶ್ವಾಸಿ
(ಮನೆಯಲ್ಲಿ ಸದ್ಯ ವಿಶ್ವಾಸ ಕಳೆದುಕೊಂಡಿರುವ),
ಏಕಾಂತಯ್ಯ

ಲಗತ್ತುಗಳು:
1. ಸದರಿ ಸಂದೇಶದ ನಕಲು
2. ಹಳೇ ಕಾರ್ಡು, ಎರಡು ತುಂಡು (ವಿಭೂತಿ ಒರೆಸಬಾರದು)
3. ಪಂಚೆಯ ರಸೀದಿ

ವಿ.ಸೂ.: ತಾವು ಕಳಿಸಿದ ಹೊಸ ಕಾರ್ಡನ್ನೂ ಬಸಮ್ಮನವರು ಒಳಗೆ ಸೇರಿಸಿಲ್ಲ, ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿದೆ. ಅದು ಇನ್ನೂ ಲಕೋಟೆಯಿಂದಲೇ ಹೊರಬಂದಿಲ್ಲ. ಪ್ರಮಾಣಪತ್ರದಲ್ಲಿ ಅದರ ಹೆಸರನ್ನೂ ಸೇರಿಸಬೇಕಾಗಿ ಕೋರಿಕೆ.